ಕನ್ನಡದಲ್ಲಿ ಕ್ವಾಯರ್‌ಗೆ ಬರೆದು ಹೊರದೇಶದ ಸ್ಪರ್ಧೆಗೆ ಕಳಿಸಬಹುದಾ?

ಪ್ರಶ್ನೆ: ನಾನು ಕಾಸರಗೋಡಿನ ಪೆರ್ಲದ ಹತ್ತಿರದವಳು, 21 ವರ್ಷ. ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಕೀಬೋರ್ಡ್ ಬರುತ್ತದೆ. ಸ್ಟಾಫ್ ನೊಟೇಶನ್ (ಐದು ಗೆರೆಯ ಪಾಶ್ಚಾತ್ಯ ಸ್ವರಲಿಪಿ) ಯೂಟ್ಯೂಬ್ ನೋಡಿ ಕಲಿತೆ. ಶಾಲಾ ಕಲೋತ್ಸವದಲ್ಲಿ ಸಮೂಹಗಾನಕ್ಕೆ ಹಾಡಿದ್ದೇನೆ. ಯುವ ಸಂಯೋಜಕರಿಗಾಗಿ ಯುರೋಪಿನ ಒಂದು ಕ್ವಾಯರ್ (ಹಲವು ಧ್ವನಿಗಳಲ್ಲಿ ಒಟ್ಟಿಗೆ ಹಾಡುವ ತಂಡ) ನಡೆಸುವ ಸ್ಪರ್ಧೆಯ ಪ್ರಕಟಣೆ ನೋಡಿದೆ. 30 ವರ್ಷದೊಳಗಿನವರು, ನಾಲ್ಕು ಧ್ವನಿ, ವಾದ್ಯ ಇಲ್ಲ, 3ರಿಂದ 5 ನಿಮಿಷ, ಯಾವ ಭಾಷೆಯಾದರೂ ಆಗುತ್ತದೆ ಎಂದಿದೆ. ಡಿಗ್ರಿ ಇಲ್ಲದ ನಾನು ಕಳಿಸಬಹುದಾ? ಕನ್ನಡದಲ್ಲಿ ಬರೆದರೆ ಅವರಿಗೆ ತಲುಪುತ್ತದಾ? ಗೋವಿಂದ ಪೈ ಅಥವಾ ಕಯ್ಯಾರರ ಕವಿತೆ ಬಳಸಬಹುದಾ? ಒಂದು ಹಳೇ ಭಜನೆಗೆ ನಾಲ್ಕು ಧ್ವನಿ ಹಾಕಿಟ್ಟಿದ್ದೇನೆ, ಅದನ್ನೇ ಕಳಿಸಿದರೆ ನಡೆಯುತ್ತದಾ?

ಉತ್ತರ: ಕಳಿಸಿ. ಡಿಗ್ರಿ ಯಾರೂ ಕೇಳುವುದಿಲ್ಲ. ಇಂಥ ಸ್ಪರ್ಧೆಗಳಲ್ಲಿ ಹೆಚ್ಚಾಗಿ ಸ್ಕೋರ್ (ಸಂಗೀತ ಬರೆದ ಪುಟಗಳು) ಮೇಲೆ ಹೆಸರೇ ಇರಬಾರದು ಎಂಬ ನಿಯಮ ಇರುತ್ತದೆ. ತೀರ್ಪುಗಾರರ ಕೈಗೆ ಹೋಗುವುದು ಒಂದು ಗುಪ್ತನಾಮ ಮತ್ತು ನೀವು ಬರೆದ ಪುಟಗಳು ಅಷ್ಟೇ. ನೀವು ಪೆರ್ಲದವರಾ ಪ್ಯಾರಿಸ್‌ನವರಾ, ಯಾರ ಹತ್ತಿರ ಕಲಿತಿರಿ ಅನ್ನುವುದು ಅವರಿಗೆ ಗೊತ್ತಾಗುವುದೇ ಇಲ್ಲ.

ಭಜನೆ ಮಾತ್ರ ಬೇಡ. ನೀವು ಮಾಡಿರುವುದು ಅರೇಂಜ್‌ಮೆಂಟ್, ಧಾಟಿ ನಿಮ್ಮದಲ್ಲ. ಸ್ಪರ್ಧೆಯವರು ಕೇಳುತ್ತಿರುವುದು ಹೊಸ ರಚನೆ. ಎಷ್ಟು ಚೆಂದ ಹಾರ್ಮೊನಿ ಹಾಕಿದ್ದರೂ ಮೊದಲ ಸುತ್ತಿನಲ್ಲೇ ಪಕ್ಕಕ್ಕಿಡುತ್ತಾರೆ. ಹಾಗಂತ ಆ ಕೆಲಸ ದಂಡ ಅಲ್ಲ, ಕೆಳಗೆ ಹೇಳುವ ಪ್ರಯೋಗಕ್ಕೆ ಅದೇ ಬೇಕಾಗುತ್ತದೆ, ಇಟ್ಟುಕೊಂಡಿರಿ.

ಕನ್ನಡದ ಪ್ರಶ್ನೆಗೆ ಬರುತ್ತೇನೆ, ಇದಕ್ಕೇ ಉದ್ದ ಉತ್ತರ ಬೇಕು. ನಾಲ್ಕು ಧ್ವನಿಯಲ್ಲಿ ಕನ್ನಡ ಹಾಡುವುದು ನಮ್ಮ ಕಡೆಗೆ ಹೊಸದಲ್ಲ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದರು. ಜರ್ಮನ್ ಕೀರ್ತನೆಗಳ ಧಾಟಿಗೆ ಕನ್ನಡದ ಮಾತು ಕೂಡಿಸಿ ಹಾಡುವ ಪದ್ಧತಿ ಅವರಿಂದ ಬಂತು, ಕರಾವಳಿಯ ಪ್ರೊಟೆಸ್ಟೆಂಟ್ ಚರ್ಚುಗಳಲ್ಲಿ ಇವತ್ತಿಗೂ ಇದೆ. ಬೇಳ, ಮಂಜೇಶ್ವರ ಕಡೆಯ ಕೊಂಕಣಿ ಇಗರ್ಜಿಗಳಲ್ಲಿ ಕ್ರಿಸ್ಮಸ್ ಹೊತ್ತಿಗೆ ಕ್ವಾಯರ್ ಹಾಡುವುದನ್ನು ನೀವೂ ಕೇಳಿರುತ್ತೀರಿ. ಚರ್ಚಿನ ಹೊರಗೆ ಈ ಕೆಲಸ ಮಾಡಿದವರಲ್ಲಿ ಇಬ್ಬರನ್ನು ಹುಡುಕಿ ಕೇಳಿ. ಬಾಂಬೆ ಯೂತ್ ಕ್ವಾಯರ್ ಕಟ್ಟಿದ ಸಲಿಲ್ ಚೌಧರಿ ಒಬ್ಬರು. ಮದ್ರಾಸ್ ಯೂತ್ ಕ್ವಾಯರ್ ಕಟ್ಟಿ ಬೇರೆ ಬೇರೆ ಭಾರತೀಯ ಭಾಷೆಗಳಲ್ಲಿ ಹಾಡಿಸಿದ ಎಂ.ಬಿ. ಶ್ರೀನಿವಾಸನ್ ಇನ್ನೊಬ್ಬರು. ಇವರು ಮಲಯಾಳಂ ಸಿನಿಮಾ ಸಂಗೀತದಿಂದ ನಿಮ್ಮ ಮನೆಯ ಹಿರಿಯರಿಗೂ ಗೊತ್ತು.

ಕಲೋತ್ಸವದ ಸಮೂಹಗಾನ ಹೆಚ್ಚಾಗಿ ಎಲ್ಲರೂ ಒಂದೇ ಧಾಟಿ ಹಾಡುವ ಹಾಡು. ನಡುವೆ ಒಂದೆರಡು ಕಡೆ ಎರಡನೇ ಧ್ವನಿ ಸೇರುತ್ತದೆ, ಅಷ್ಟೇ. ಅಲ್ಲಿಂದ ಬಂದವರು ಕ್ವಾಯರ್‌ಗೆ ಬರೆಯುವಾಗ ಮೇಲಿನ ಸಾಲಿನಲ್ಲಿ ಒಂದು ಒಳ್ಳೆಯ ಧಾಟಿ ಬರೆದು, ಕೆಳಗಿನ ಮೂರು ಧ್ವನಿಗೆ ಕೀಬೋರ್ಡ್‌ನ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು) ಹಂಚಿಬಿಡುತ್ತಾರೆ. ನಾನು ಸ್ಪರ್ಧೆಗಳಿಗೆ ಸ್ಕೋರ್ ಓದುವ ಕೆಲಸ ಮಾಡಿದ್ದೇನೆ, ನಮ್ಮ ದೇಶದಿಂದ ಬಂದ ಸ್ಕೋರ್‌ಗಳಲ್ಲಿ ಇದನ್ನೇ ಜಾಸ್ತಿ ನೋಡಿದ್ದು. ಕ್ವಾಯರ್‌ನ ನಾಲ್ಕು ಧ್ವನಿ ಅಂದರೆ ಮೇಲಿನಿಂದ ಹೆಂಗಸರ ಸೊಪ್ರಾನೊ, ಆಲ್ಟೊ, ಆಮೇಲೆ ಗಂಡಸರ ಟೆನರ್, ಬಾಸ್. ಆಲ್ಟೊ ಹಾಡುವ ಹುಡುಗಿಗೆ ಮೂರು ಪುಟ ಪೂರ್ತಿ ಒಂದೇ ಸ್ವರ, ನಡುನಡುವೆ ಒಂದು ಮೆಟ್ಟಿಲು ಮೇಲೆ ಕೆಳಗೆ. ಅವಳಿಗೆ ಹಾಡಲಿಕ್ಕೆ ಏನೂ ಇಲ್ಲ. ತೀರ್ಪುಗಾರರು ಸ್ಕೋರ್ ತೆರೆದ ಕೂಡಲೇ ನಡುವಿನ ಎರಡು ಸಾಲು ನೋಡುತ್ತಾರೆ. ಬರೆದವರಿಗೆ ಕ್ವಾಯರ್ ಗೊತ್ತಾ ಇಲ್ವಾ ಅಲ್ಲೇ ತಿಳಿಯುತ್ತದೆ.

ಮೊದಲು ಕವಿತೆ. ಹಕ್ಕಿನ ವಿಷಯ ಮುಗಿಸದೆ ಒಂದು ಸ್ವರವನ್ನೂ ಬರೆಯಬೇಡಿ. ನಮ್ಮ ಕಾಪಿರೈಟ್ ಕಾಯ್ದೆ 1957ರದ್ದು. ಅದರ ಪ್ರಕಾರ ಕವಿ ತೀರಿಕೊಂಡ ವರ್ಷದ ಮುಂದಿನ ಜನವರಿಯಿಂದ 60 ವರ್ಷ ಹಕ್ಕು ಇರುತ್ತದೆ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರ ಸೆಪ್ಟೆಂಬರ್‌ನಲ್ಲಿ. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳ ಹಕ್ಕು 2023ರ ಕೊನೆಗೆ ಮುಗಿಯಿತು, ಇಲ್ಲಿ ಈಗ ಯಾರು ಬೇಕಾದರೂ ಬಳಸಬಹುದು. ಅವರು ಹೋದಮೇಲೆ ಮೊದಲ ಸಲ ಅಚ್ಚಾದದ್ದಾದರೆ ಲೆಕ್ಕ ಬೇರೆ, ಪ್ರಕಟವಾದ ವರ್ಷದಿಂದ ಎಣಿಸಬೇಕು. ಕಯ್ಯಾರ ಕಿಞ್ಞಣ್ಣ ರೈಗಳು ನಮ್ಮನ್ನು ಅಗಲಿದ್ದು 2015ರಲ್ಲಿ. ಅವರ ಕವಿತೆ ಬೇಕಿದ್ದರೆ ಮನೆಯವರಿಂದ ಬರಹದಲ್ಲಿ ಒಪ್ಪಿಗೆ ಬೇಕೇ ಬೇಕು. ಬಾಯಿಮಾತಿನಲ್ಲಿ ಆಯ್ತು ಅಂದರೆ ಸ್ಪರ್ಧೆಯವರು ಒಪ್ಪುವುದಿಲ್ಲ, ಸಹಿ ಇರುವ ಪತ್ರ ಸ್ಕೋರ್ ಜೊತೆಯಲ್ಲೇ ಹೋಗಬೇಕು. ಕುಂಬಳೆಯ ಪಾರ್ತಿಸುಬ್ಬನ ಯಕ್ಷಗಾನ ಪದಗಳಿಗೆ ಈ ತೊಂದರೆ ಇಲ್ಲ, ಅವೆಲ್ಲ ತುಂಬಾ ಹಳೆಯವು. ಇನ್ನೊಂದು ಎಚ್ಚರ. ಯುರೋಪಿನ ದೇಶಗಳಲ್ಲಿ ಸಾಮಾನ್ಯವಾಗಿ 60 ಅಲ್ಲ, 70 ವರ್ಷದ ಲೆಕ್ಕ. ಗೋವಿಂದ ಪೈಗಳನ್ನೇ ಆರಿಸಿಕೊಂಡರೆ ಸ್ಪರ್ಧೆಯವರಿಗೆ ಮೊದಲೇ ಒಂದು ಇಮೇಲ್ ಹಾಕಿ ಕೇಳಿಬಿಡಿ. ಇದೆಲ್ಲ ತಲೆನೋವು ಅನ್ನಿಸಿದರೆ ಗೆಳತಿಯರಲ್ಲಿ ಕವಿತೆ ಬರೆಯುವವರು ಇದ್ದೇ ಇರುತ್ತಾರೆ, ಅವರಿಂದ ಎಂಟು ಸಾಲು ಬರೆಸಿ. ನಾಲ್ಕು ನಿಮಿಷಕ್ಕೆ ಎಂಟು ಸಾಲು ಧಾರಾಳ ಸಾಕು. ಕ್ವಾಯರ್‌ನಲ್ಲಿ ಮಾತು ಒಂದು ಧ್ವನಿಯಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತದೆ, ಪದಗಳು ಜಾಸ್ತಿಯಾದರೆ ಯಾವುದೂ ಕೇಳಿಸುವುದಿಲ್ಲ.

ಕವಿತೆ ಸಿಕ್ಕಿದ ಮೇಲೆ ಕೀಬೋರ್ಡ್ ಹತ್ತಿರ ಹೋಗಬೇಡಿ. ಗಟ್ಟಿಯಾಗಿ ಓದಿ. ಕೈಯಲ್ಲಿ ತಾಳ ಹಾಕುತ್ತಾ ಓದಿ. ನಿಮ್ಮ ಲಯ ಕವಿತೆಯೊಳಗೇ ಇದೆ. ಒಂದು ಉದಾಹರಣೆಗೆ ಈ ಸಾಲನ್ನು ನಾನೇ ಕಟ್ಟಿದ್ದೇನೆ: "ಅಡಕೆ ತೋಟಕೆ ಮಳೆಯು ಬಂದಿತು". ಮಾತ್ರೆ ಎಣಿಸಿ. ಅ-ಡ-ಕೆ ಮೂರು. ತೋ-ಟ-ಕೆ ನಾಲ್ಕು, ಯಾಕೆಂದರೆ ತೋ ಗುರು. ಮ-ಳೆ-ಯು ಮೂರು. ಬಂ-ದಿ-ತು ನಾಲ್ಕು. ಮೂರು ನಾಲ್ಕು, ಮೂರು ನಾಲ್ಕು. ಇದು ಭಾಮಿನಿ ಷಟ್ಪದಿಯ ನಡೆ, ಕುಮಾರವ್ಯಾಸನ ಗಮಕ ವಾಚನ ಕೇಳಿದವರಿಗೆ ರಕ್ತದಲ್ಲೇ ಇರುತ್ತದೆ. ನೀವು ಕಲಿತ ಮಿಶ್ರಛಾಪುವೂ ಇದೇ ಏಳು. ಯಕ್ಷಗಾನದ ತ್ರಿವುಡೆ ತಾಳವೂ ಏಳು. ಸ್ಟಾಫ್ ನೊಟೇಶನ್‌ನಲ್ಲಿ ಇದು ಎಂಟನೇ ಸ್ವರಗಳ (ಏಯ್ತ್ ನೋಟ್) ಏಳರ ಬಾರ್, ಬಾರ್ ಅಂದರೆ ತಾಳದ ಒಂದು ಆವರ್ತದ ಹಾಗೆ. ಒಂದು ಮಾತ್ರೆಗೆ ಒಂದು ಎಂಟನೇ ಸ್ವರ, ಗುರುವಿಗೆ ಅದರ ಎರಡರಷ್ಟು ಉದ್ದದ ಕಾಲು ಸ್ವರ (ಕ್ವಾರ್ಟರ್ ನೋಟ್) ಕೊಟ್ಟರೆ ಆ ಸಾಲು ಎರಡು ಬಾರ್‌ನಲ್ಲಿ ಒಂದು ಕೂದಲೆಳೆ ಹೆಚ್ಚುಕಮ್ಮಿ ಇಲ್ಲದೆ ಕೂತುಕೊಳ್ಳುತ್ತದೆ. ಹೊರಗಿನ ಸಂಯೋಜಕರು ಏಳರ ಲಯಕ್ಕೆ ಕಷ್ಟಪಟ್ಟು ಮಾತು ಹುಡುಕುತ್ತಾರೆ, ನಿಮಗೆ ಮಾತಿನ ಜೊತೆಗೇ ಅದು ಸಿಗುತ್ತದೆ.

ಇನ್ನೂ ಒಂದು ಸೊಗಸು ಇದೆ. ಭಾಮಿನಿಯಲ್ಲಿ ಮೂರನೇ ಮತ್ತು ಆರನೇ ಸಾಲು ಉದ್ದ: ಮೂರು-ನಾಲ್ಕು ಮೂರು ಸಲ ಬಂದು ಕೊನೆಗೆ ಒಂದು ಗುರು ನಿಲ್ಲುತ್ತದೆ. ಆ ಗುರು ಎರಡು ಮಾತ್ರೆ. ಬಾರ್ ತುಂಬಲು ಇನ್ನೂ ಐದು ಬೇಕು. ಗಮಕಿಗಳು ಅಲ್ಲೇ ನಿಂತು ಉಸಿರು ತೆಗೆದುಕೊಳ್ಳುತ್ತಾರೆ. ನಿಮ್ಮ ಕ್ವಾಯರ್‌ಗೂ ಅಲ್ಲೇ ಉಸಿರು. ಸೊಪ್ರಾನೊ ಆ ಐದು ಮಾತ್ರೆ ಸುಮ್ಮನಿರುವಾಗ ಟೆನರ್ ಮುಂದಿನ ಸಾಲು ಎತ್ತಿಕೊಳ್ಳಲಿ, ನೋಡಿ, ಎರಡು ಧ್ವನಿ ಒಂದರ ಮೇಲೊಂದು ಬರುವ ಜಾಗ ತಾನಾಗಿಯೇ ಹುಟ್ಟಿತು ಅಲ್ವಾ. ವಾರ್ಧಕದ ಪದ್ಯ ಆರಿಸಿದರೆ ಐದೈದರ ನಡೆ ಸಿಗುತ್ತದೆ, ಖಂಡಛಾಪು. ಹೊಸಗನ್ನಡ ಕವಿತೆಯಾದರೂ ಮಾತ್ರೆ ಹಿಡಿದೇ ಓದಿ, ನಡೆ ಎಲ್ಲಿ ಮುರಿಯುತ್ತದೋ ಅಲ್ಲಿ ಸಂಗೀತವೂ ಮುರಿಯಲಿ.

ಬಾಸೆಲ್ ಮಿಷನ್ ಧಾಟಿಗಳಲ್ಲಿ ಆದ ಕಷ್ಟ ಇದೇ. ಧಾಟಿ ಮೊದಲೇ ಇತ್ತು, ಅದು ಜರ್ಮನ್ ಮಾತಿನ ಒತ್ತಿಗೆ ಹುಟ್ಟಿದ್ದು. ಅದರ ಮೇಲೆ ಕನ್ನಡ ಕೂರಿಸಿದಾಗ ಹ್ರಸ್ವ ಅಕ್ಷರ ಉದ್ದ ಸ್ವರದ ಮೇಲೆ, ದೀರ್ಘ ಅಕ್ಷರ ಗಿಡ್ಡ ಸ್ವರದ ಮೇಲೆ ಬಂದು ಬೀಳುತ್ತಿತ್ತು. ನಿಘಂಟಿನ ಕಿಟೆಲ್ ಅವರಿಗೆ ಕನ್ನಡದ ಛಂದಸ್ಸಿನ ಬೆಲೆ ಗೊತ್ತಿತ್ತು. 1862ರಲ್ಲಿ ಅವರು ಕ್ರಿಸ್ತನ ಕಥೆಯನ್ನು ಈ ನೆಲದ್ದೇ ಛಂದಸ್ಸಿನಲ್ಲಿ ಬರೆದರು. ನೀವು ಅವಸರದಲ್ಲಿ "ಹಳೆ" ಅನ್ನುವ ಪದದ ಮೊದಲ ಅಕ್ಷರವನ್ನು ನಾಲ್ಕು ಎಣಿಕೆ ಎಳೆದರೆ ಕೇಳುವವರಿಗೆ ಅಡಕೆ ಮರದ ಹಾಳೆ ಬಿದ್ದ ಹಾಗೆ ಕೇಳುತ್ತದೆ. ಕಛೇರಿಯಲ್ಲಿ ಹ್ರಸ್ವವನ್ನು ಎಳೆಯುವುದು ಉಂಟು. ಆದರೆ ಅಲ್ಲಿ ಕೂತವರಿಗೆ ಸಾಹಿತ್ಯ ಮೊದಲೇ ಬಾಯಿಪಾಠ ಇರುತ್ತದೆ, ನಿಮ್ಮ ಹೊಸ ಹಾಡಿಗೆ ಆ ಅನುಕೂಲ ಇಲ್ಲ. ಎಳೆಯಬೇಕಾ, ಗುರುವನ್ನು ಎಳೆಯಿರಿ. "ತೋ" ಎಂಬ ಅಕ್ಷರವನ್ನು ಆಲ್ಟೊಗಳು ಎರಡು ಬಾರ್ ಪೂರ್ತಿ ಹಿಡಿದು ನಿಂತರೂ ಮಾತು ಕೆಡುವುದಿಲ್ಲ. ಹೀಗೆ ಸೊಪ್ರಾನೊ ಏಳರಲ್ಲಿ ನಡೆಯುತ್ತಿರುವಾಗ ಒಳಗಿನ ಧ್ವನಿಗಳು ಗುರುಗಳನ್ನು ಹಿಡಿದು ನಿಂತರೆ ನಾಲ್ಕೂ ಸಾಲು ಒಂದೇ ಲಯದಲ್ಲಿ ಕುಟ್ಟಿಕೊಂಡು ಹೋಗುವ ಬೇಸರ ತಪ್ಪುತ್ತದೆ.

ಈಗ ಗಂಟಲು. ಕರ್ನಾಟಕ ಸಂಗೀತದವರು ಜಾಸ್ತಿ ಎಡವುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ. ನೀವು ಹಾಡುವುದು ಬಹುಶಃ ಬಿಳಿ ಐದು ಅಥವಾ ಕಪ್ಪು ನಾಲ್ಕು ಶ್ರುತಿಯಲ್ಲಿ. ಬಿಳಿ ಐದು ಅಂದರೆ ನಿಮ್ಮ ಷಡ್ಜ ಕೀಬೋರ್ಡ್‌ನ ಮಧ್ಯ ಸಿ ಗಿಂತ ಕೆಳಗಿನ ಜಿ. ನಿಮ್ಮ ತಾರ ಪಂಚಮ ಎಷ್ಟೇ ಎತ್ತರ ಅನ್ನಿಸಿದರೂ ಅದು ಮಧ್ಯ ಸಿ ಗಿಂತ ಒಂದು ಸ್ಥಾಯಿ ಮೇಲಿನ ಡಿ, ಅಷ್ಟೇ. ಅಂದರೆ ನೀವು ದಿನಾ ಹಾಡುವ ಜಾಗ ಪೂರ್ತಿ ಕ್ವಾಯರ್‌ನ ಲೆಕ್ಕದಲ್ಲಿ ಆಲ್ಟೊ, ಮಂದ್ರಕ್ಕೆ ಇಳಿದರೆ ಅದಕ್ಕಿಂತಲೂ ಕೆಳಗೆ. ನಿಮ್ಮ ಗಂಟಲನ್ನು ಅಳತೆಗಿಟ್ಟುಕೊಂಡು ಸೊಪ್ರಾನೊ ಸಾಲು ಬರೆದರೆ ಯುರೋಪಿನ ಸೊಪ್ರಾನೊಗಳಿಗೆ ಅದು ತೀರಾ ತಗ್ಗು, ಧ್ವನಿಯೇ ಹೊರಡುವುದಿಲ್ಲ. ಅವರ ಧ್ವನಿ ಬೆಳಗುವುದು ಮಧ್ಯ ಸಿ ಯ ಮೇಲಿನ ಎಫ್‌ನಿಂದ ಶುರುವಾಗಿ ಅದರ ಮೇಲಿನ ಸ್ಥಾಯಿಯ ಇ ಎಫ್ ತನಕ, ಹೆಡ್ ವಾಯ್ಸ್‌ನಲ್ಲಿ (ತಲೆಯಲ್ಲಿ ಮೊಳಗುವ ಹಗುರ ಎತ್ತರದ ಧ್ವನಿ). ತುತ್ತತುದಿಗೆ ಜಿ ಅಥವಾ ಎ, ಅದೂ ಹಾಡಿನಲ್ಲಿ ಒಂದೆರಡು ಕಡೆ ಮಾತ್ರ. ಆಲ್ಟೊಗೆ ಮಧ್ಯ ಸಿ ಯ ಕೆಳಗಿನ ಜಿ ಯಿಂದ ಮೇಲಿನ ಸಿ ತನಕ. ಟೆನರ್‌ಗೆ ಮಧ್ಯ ಸಿ ಯ ಕೆಳಗಿನ ಸಿ ಯಿಂದ ಮೇಲಕ್ಕೆ, ಮಧ್ಯ ಸಿ ದಾಟಿ ಎಫ್ ಜಿ ತನಕ. ಬಾಸ್‌ಗೆ ಅದಕ್ಕೂ ಕೆಳಗಿನ ಎಫ್‌ನಿಂದ ಮಧ್ಯ ಸಿ ತನಕ. ವೃತ್ತಿಯ ಕ್ವಾಯರ್ ಇದನ್ನೂ ದಾಟಬಲ್ಲದು, ಆದರೆ ಸಾಮಾನ್ಯರ ಕ್ವಾಯರ್ ಹಾಡಬಲ್ಲ ರಚನೆಗೆ ಆಯುಸ್ಸು ಜಾಸ್ತಿ.

ಯಾರು ಹಾಡುತ್ತಾರೆ ಎಂಬುದನ್ನು ನಿಯಮಾವಳಿಯಲ್ಲಿ ಎರಡು ಸಲ ಓದಿ. ಉದಾಹರಣೆಗೆ ಇಂಗ್ಲೆಂಡಿನ ಕಿಂಗ್ಸ್ ಸಿಂಗರ್ಸ್ ತಂಡವೂ ಹೊಸ ರಚನೆಗಳಿಗೆ ಸ್ಪರ್ಧೆ ನಡೆಸಿದೆ. ಅವರು ಆರು ಜನ ಗಂಡಸರು, ಇಬ್ಬರು ಕೌಂಟರ್ ಟೆನರ್ (ಹೆಂಗಸರ ಎತ್ತರದಲ್ಲಿ ಹಾಡುವವರು), ಒಬ್ಬ ಟೆನರ್, ಇಬ್ಬರು ಬ್ಯಾರಿಟೋನ್ (ಟೆನರ್‌ಗೂ ಬಾಸ್‌ಗೂ ನಡುವಿನವರು), ಒಬ್ಬ ಬಾಸ್. ಅವರಿಗೆ ಬರೆಯುವುದೂ ನಲವತ್ತು ಜನರ ಕ್ವಾಯರ್‌ಗೆ ಬರೆಯುವುದೂ ಒಂದೇ ಅಲ್ಲ. ನಲವತ್ತು ಜನರಾದರೆ ಒಂದು ಸ್ವರವನ್ನು ಕೊನೆಯಿಲ್ಲದೆ ಹಿಡಿಯಬಹುದು, ಒಬ್ಬೊಬ್ಬರೇ ಬೇರೆ ಬೇರೆ ಹೊತ್ತಿಗೆ ಉಸಿರು ತೆಗೆದುಕೊಳ್ಳುತ್ತಾರೆ. ಆರು ಜನರಲ್ಲಿ ಒಬ್ಬ ಉಸಿರೆಳೆದರೂ ಗೋಡೆಯಿಂದ ಒಂದು ಕಲ್ಲು ಬಿದ್ದ ಹಾಗೆ.

ರಾಗದ ವಿಷಯ. "ಕಾರ್ಡ್ ಸರಿಯಾಗಿ ಗೊತ್ತಿಲ್ಲ" ಎಂಬ ಅಂಜಿಕೆ ನಿಮಗೆ ಇರಬಹುದು. ಮೋಹನದಿಂದ ಶುರು ಮಾಡಿ. ಅದರಲ್ಲಿ ಅರ್ಧ ಸ್ವರದ ಅಂತರ ಎಲ್ಲೂ ಇಲ್ಲ, ಹಾಗಾಗಿ ಯಾವ ಎರಡು ಸ್ವರ ಒಟ್ಟಿಗೆ ಬಂದರೂ ಕಿವಿಗೆ ಚುಚ್ಚುವುದಿಲ್ಲ. ಸೊಪ್ರಾನೊ ಒಂದು ಸಾಲು ಹಾಡಲಿ, ಒಂದು ಬಾರ್ ಬಿಟ್ಟು ಟೆನರ್ ಅದೇ ಸಾಲನ್ನು ಹಿಡಿಯಲಿ, ಇನ್ನೊಂದು ಬಾರ್ ಬಿಟ್ಟು ಆಲ್ಟೊ. ಪ್ರತಿಯೊಬ್ಬರಿಗೂ ಧಾಟಿ ಸಿಕ್ಕಿತು. ಷಡ್ಜವನ್ನು ಡಿ ಯಲ್ಲಿ ಇಟ್ಟುಕೊಳ್ಳಿ, ಬಾಸ್‌ಗೆ ಸ ಮತ್ತು ಕೆಳಗಿನ ಪ ಎರಡೂ ಆರಾಮ, ಸೊಪ್ರಾನೊಗೆ ತಾರ ಗಾಂಧಾರದ ತನಕ ಹೋಗಬಹುದು.

ಆದರೆ ನಾಲ್ಕು ನಿಮಿಷ ಪೂರ್ತಿ ಬಾಸ್ ಸ-ಪ ಹಿಡಿದುಕೊಂಡೇ ಇದ್ದರೆ ಹಾಡು ನಿಂತಲ್ಲೇ ನಿಲ್ಲುತ್ತದೆ. ಭಾರತದಿಂದ ಬಂದದ್ದು ಅಂದರೆ ತಂಬೂರಿ ನಾದ, ಅದರ ಮೇಲೊಂದು ಆಲಾಪನೆ ಎಂದು ಅವರೂ ಅಂದುಕೊಂಡಿರುತ್ತಾರೆ, ಅಲ್ಲಿಗೇ ನಿಲ್ಲಬೇಡಿ. ನಿಮಗೆ ಗ್ರಹಭೇದ ಗೊತ್ತು, ಅದೇ ಸ್ವರಗಳಲ್ಲಿ ಷಡ್ಜದ ಜಾಗ ಬದಲಿಸಿ ಬೇರೆ ರಾಗ ಕಾಣಿಸುವುದು. ಅದನ್ನು ಬಾಸ್ ಕೈಯಲ್ಲಿ ಮಾಡಿಸಿ. ಮೇಲಿನ ಮೂರು ಧ್ವನಿ ಅದೇ ಐದು ಸ್ವರಗಳಲ್ಲಿ ಇರಲಿ, ಬಾಸ್ ಮಾತ್ರ ಡಿ ಬಿಟ್ಟು ಇ ಗೆ ಹೋಗಲಿ, ಅಂದರೆ ರಿಷಭಕ್ಕೆ. ಮೇಲೆ ಏನೂ ಬದಲಾಗಿಲ್ಲ, ಆದರೆ ಕೇಳುವವರಿಗೆ ಈಗ ಮಧ್ಯಮಾವತಿ. ಬಾಸ್ ಧೈವತಕ್ಕೆ ಇಳಿದರೆ ಶುದ್ಧ ಧನ್ಯಾಸಿ, ಒಮ್ಮೆಗೇ ಮೋಡ ಕವಿದ ಬಣ್ಣ. ಪಂಚಮಕ್ಕೆ ಹೋದರೆ ಶುದ್ಧ ಸಾವೇರಿ. ಗಾಂಧಾರಕ್ಕೆ ಹೋದರೆ ಹಿಂದೋಳ. ಅಲ್ಲಿ ಪಂಚಮ ಇಲ್ಲವಲ್ಲ, ಅದಕ್ಕೆ ಬಾಸ್ ಒಂದೇ ಸ್ವರ ಹಿಡಿಯಲಿ, ಅಥವಾ ಅದರ ಮಧ್ಯಮವನ್ನು ಜೊತೆಗೆ ತೆಗೆದುಕೊಳ್ಳಲಿ. ಐದು ಸ್ವರಗಳಲ್ಲಿ ಐದು ಬಣ್ಣ. ಇದನ್ನು ಕವಿತೆಯ ತಿರುವುಗಳಿಗೆ ಸರಿಯಾಗಿ ಇಟ್ಟರೆ ಪಾಶ್ಚಾತ್ಯ ಹಾರ್ಮೊನಿಯ ಪುಸ್ತಕ ತೆರೆಯದೆಯೂ ನಾಲ್ಕು ನಿಮಿಷದ ದಾರಿ ಸಿದ್ಧವಾಗುತ್ತದೆ. ಹಾರ್ಮೊನಿ ಕಲಿಯಬೇಡಿ ಅನ್ನುತ್ತಿಲ್ಲ, ಕಲಿಯಿರಿ, ಮುಂದಿನ ರಚನೆಗೆ ಬೇಕಾಗುತ್ತದೆ. ಈ ಒಂದಕ್ಕೆ ನಿಮ್ಮ ಕೈಯಲ್ಲಿ ಇರುವುದೇ ಸಾಕು.

ಸ್ವರ ಅಲುಗಿಸುವ ಗಮಕವನ್ನು ಗುಂಪಿಗೆ ಬರೆಯಬೇಡಿ. ಮೂವತ್ತು ಗಂಟಲು ತೋಡಿಯ ಗಾಂಧಾರವನ್ನು ಒಂದೇ ಹಾಗೆ ಅಲುಗಿಸಲು ವರ್ಷಗಟ್ಟಲೆ ಒಟ್ಟಿಗೆ ಕಲಿತಿರಬೇಕು. ಗಮಕ ಬೇಕೇ ಬೇಕಿದ್ದರೆ ಒಬ್ಬರ ಸೋಲೊಗೆ ಇಟ್ಟು, ಒಂದೊಂದು ಸ್ವರವನ್ನೂ ಬಿಡಿಸಿ ಬರೆಯಿರಿ. "ತಾ ಧಿಮಿ" ಎಂದು ಜತಿ ಸೇರಿಸುವ ಆಸೆಯನ್ನೂ ಸ್ವಲ್ಪ ತಡೆದುಕೊಳ್ಳಿ. ಕವಿತೆಗೆ ಸಂಬಂಧವೇ ಇಲ್ಲದೆ ಬರೀ ಭಾರತೀಯ ಅಂತ ಕಾಣಲಿಕ್ಕೆ ಹಾಕಿದ್ದು ತಕ್ಷಣ ಗೊತ್ತಾಗುತ್ತದೆ, ಅದು ನನಗೆ ನಿಜವಾಗಿಯೂ ಬೇಸರ ತರುವ ವಿಷಯ. ಅದರ ಬದಲು ನಿಮ್ಮ ಸುತ್ತಲಿನ ಹಾಡುವ ಕ್ರಮ ನೋಡಿ. ನೇಜಿ ನೆಡುವಾಗ ಹಾಡುವ ಓ ಬೇಲೆಯಲ್ಲಿ ಒಬ್ಬಾಕೆ ಹೇಳುತ್ತಾರೆ, ಉಳಿದವರು ಎತ್ತಿಕೊಳ್ಳುತ್ತಾರೆ, ಎಷ್ಟೋ ಸಲ ಆಕೆ ಮುಗಿಸುವ ಮೊದಲೇ. ಆ ಧಾಟಿ ತೆಗೆಯಬೇಡಿ, ಮತ್ತೆ ಅರೇಂಜ್‌ಮೆಂಟ್ ಆಗುತ್ತದೆ. ಎತ್ತಿಕೊಳ್ಳುವ ಆ ಕ್ರಮವನ್ನು ತೆಗೆಯಿರಿ. ಒಬ್ಬ ಸೋಲೊ ಮತ್ತು ಗುಂಪಿನ ನಡುವೆ ಇದಕ್ಕಿಂತ ಜೀವಂತ ಮಾದರಿ ನನಗೆ ಗೊತ್ತಿಲ್ಲ.

ಮಾತು ಅವರಿಗೆ ತಲುಪುವುದು ಹೇಗೆ? ಕನ್ನಡ ಹಾಡಲಿಕ್ಕೆ ಒಳ್ಳೆಯ ಭಾಷೆ, ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಇಟಾಲಿಯನ್ ಹಾಡಿದ ಕ್ವಾಯರ್‌ಗೆ ಅದು ಇಷ್ಟವಾಗುತ್ತದೆ. ತೊಂದರೆ ಒತ್ತಕ್ಷರದಲ್ಲಿ. "ಹಕ್ಕಿ" ಅನ್ನುವುದನ್ನು ನಾವು ಹ-ಕ್ಕಿ ಎಂದು ಬಿಡಿಸುತ್ತೇವೆ. ಅವರಿಗೆ ರೋಮನ್ ಅಕ್ಷರದಲ್ಲಿ ಹಕ್-ಕಿ ಎಂದು ಬಿಡಿಸಿ ಕೊಡಬೇಕು, ಇಲ್ಲದಿದ್ದರೆ ಹಕಿ ಎಂದು ಹಾಡುತ್ತಾರೆ. ಆ ಎರಡು ಕಕಾರದ ನಡುವೆ ಕ್ಷಣಕಾಲ ಧ್ವನಿ ನಿಲ್ಲುತ್ತದೆ ಎಂದೂ ಬರೆಯಿರಿ. "ಬಂದಿತು" ಇದ್ದಲ್ಲಿ ಬಕಾರದ ಸ್ವರವನ್ನು ಎಳೆದು ಕೊನೆಗೆ ನಕಾರ ಮುಟ್ಟಿಸಬೇಕಾ, ಅಥವಾ ನಕಾರದ ಮೇಲೇ ಗುಂಯ್ ಎಂದು ನಿಲ್ಲಬೇಕಾ, ತೀರ್ಮಾನ ನಿಮ್ಮದು. ಎರಡೂ ಚೆಂದ, ಆದರೆ ಯಾವುದು ಅಂತ ಸ್ಕೋರ್‌ನಲ್ಲಿ ಇರಲಿ. ಳ 'ಲ' ಅಲ್ಲ, ಟ 'ತ' ಅಲ್ಲ, ಇದಕ್ಕೆ ಐಪಿಎ (ಉಚ್ಚಾರಣೆ ತೋರಿಸುವ ಅಂತರರಾಷ್ಟ್ರೀಯ ಲಿಪಿ) ಚಿಹ್ನೆ ಹಾಕಿ. ಮೊದಲ ಪುಟದ ಹಿಂದೆ ಕವಿತೆಯನ್ನು ಕನ್ನಡದಲ್ಲಿ, ರೋಮನ್‌ನಲ್ಲಿ, ಪದಕ್ಕೆ ಪದ ಅರ್ಥ ಸಮೇತ ಕೊಡಿ. ಫೋನ್‌ನಲ್ಲಿ ನಿಧಾನವಾಗಿ ಓದಿ ರೆಕಾರ್ಡ್ ಮಾಡಿದ ಒಂದು ಫೈಲೂ ಇದ್ದರೆ ನಿರ್ದೇಶಕರ ಅರ್ಧ ಭಯ ಹೋಗುತ್ತದೆ. ನಿಯಮ ಒಪ್ಪಿದರೆ ಮಾತ್ರ ಕಳಿಸಿ, ಅದರಲ್ಲೂ ನಿಮ್ಮ ಹೆಸರು ಹೇಳಬೇಡಿ.

ಬರೆದದ್ದನ್ನು ಕಂಪ್ಯೂಟರ್ ನುಡಿಸಿದಾಗ ಚೆನ್ನಾಗಿ ಕೇಳಿದರೆ ನಂಬಬೇಡಿ. ಅದಕ್ಕೆ ಉಸಿರು ಬೇಡ, ಅದು ಮಾತು ಹೇಳುವುದಿಲ್ಲ, ಎಂಥ ಜಿಗಿತವನ್ನೂ ಶ್ರುತಿ ತಪ್ಪದೆ ಜಿಗಿಯುತ್ತದೆ. ಎಂಟು ಜನರನ್ನು ಒಟ್ಟು ಮಾಡಿ. ಇದೊಂದನ್ನು ಬಿಟ್ಟು ಬೇರೆ ಎಲ್ಲ ಸಲಹೆ ಮರೆತರೂ ನನಗೆ ಬೇಸರ ಇಲ್ಲ. ನಿಮ್ಮ ಸಂಗೀತ ಕ್ಲಾಸಿನ ಹುಡುಗಿಯರಲ್ಲಿ ಆಲ್ಟೊ ಬೇಕಾದಷ್ಟು ಸಿಗುತ್ತಾರೆ. ಸೊಪ್ರಾನೊಗೆ ಹತ್ತಿರದ ಇಗರ್ಜಿಯ ಕ್ವಾಯರ್‌ನವರನ್ನು ಕೇಳಿ, ಅವರಿಗೆ ಹೆಡ್ ವಾಯ್ಸ್ ಅಭ್ಯಾಸ ಇರುತ್ತದೆ, ಬೇರೆ ಧ್ವನಿ ಪಕ್ಕದಲ್ಲಿ ಕೇಳುತ್ತಿದ್ದರೂ ತಮ್ಮ ಸಾಲು ಬಿಡದ ರೂಢಿಯೂ ಇರುತ್ತದೆ. ಭಾಗವತಿಕೆ ಕಲಿಯುವ ಹುಡುಗರು ಕಪ್ಪು ಎರಡು, ಕಪ್ಪು ಮೂರರಲ್ಲಿ ಹಾಡುವವರು, ಟೆನರ್‌ನ ಎತ್ತರ ಅವರಿಗೆ ಲೆಕ್ಕಕ್ಕೇ ಇಲ್ಲ. ಚೆಂಡೆ ಮದ್ದಳೆ ಎದುರು ಹಾಡಿ ರೂಢಿ, ಅದಕ್ಕೆ ಮೆಲ್ಲಗೆ ಹಾಡಿ ಎಂದು ನಾಲ್ಕು ಸಲ ಹೇಳಬೇಕಾಗುತ್ತದೆ, ಅಷ್ಟೇ. ಕಷ್ಟ ಬಾಸ್ ಹುಡುಕುವುದು. ಕಾಲೇಜಿನಲ್ಲಿ ಮಾತಾಡುವಾಗಲೇ ದಪ್ಪ ಧ್ವನಿ ಇರುವ ಇಬ್ಬರನ್ನು ಹಿಡಿಯಿರಿ, ಸ ಮತ್ತು ಪ ಹಿಡಿಯಲು ಅಷ್ಟು ಸಾಕು.

ಮೊದಲ ಭೇಟಿಯಲ್ಲಿ ನಿಮ್ಮ ಆ ಭಜನೆಯನ್ನು ಹಾಡಿಸಿ. ಧಾಟಿ ಎಲ್ಲರಿಗೂ ಗೊತ್ತಿರುವುದರಿಂದ ಬೇರೆ ಬೇರೆ ಧ್ವನಿ ಹಿಡಿಯುವುದು ಬೇಗ ರೂಢಿಯಾಗುತ್ತದೆ. ಆಮೇಲೆ ಹೊಸದು. ಅವರು ಹಾಡುವಾಗ ನೀವು ಹಾಡಬೇಡಿ, ಪೆನ್ಸಿಲ್ ಹಿಡಿದು ಕೂತುಕೊಳ್ಳಿ. ಎಲ್ಲಿ ಮುಖ ಮೇಲಕ್ಕೆತ್ತುತ್ತಾರೆ, ಅಲ್ಲಿ ಸ್ವರ ಎತ್ತರ ಜಾಸ್ತಿಯಾಗಿದೆ. ಎಲ್ಲಿ ಪಕ್ಕದವರ ಸಾಲಿಗೆ ಜಾರುತ್ತಾರೆ, ಅಲ್ಲಿ ಮುಂದಿನ ಸ್ವರದ ಸುಳಿವು ಅವರಿಗೆ ಸಿಗುತ್ತಿಲ್ಲ, ಅದನ್ನು ಹಿಂದಿನ ಬಾರ್‌ನಲ್ಲಿ ಬೇರೆ ಯಾವುದಾದರೂ ಧ್ವನಿಯ ಬಾಯಿಂದ ಮೊದಲೇ ಕೇಳಿಸಿ. ಎಲ್ಲಿ ಉಸಿರು ಕದಿಯುತ್ತಾರೆ, ಅಲ್ಲಿ ರೆಸ್ಟ್ (ಮೌನದ ಗುರುತು) ಬರೆಯಿರಿ. ಮೂರು ಸಲ ಹೇಳಿಕೊಟ್ಟರೂ ಬಾರದ ಬಾರ್ ಇದ್ದರೆ ತಪ್ಪು ಅವರದ್ದಲ್ಲ ಎಂದು ತಿಳಿದುಕೊಂಡು ಆ ಬಾರ್ ಬದಲಾಯಿಸಿ.

ಉಳಿದದ್ದು ಕಾಗದಪತ್ರದ ಕೆಲಸ. ಸ್ಕೋರ್ ಬರೆಯುವ ಮ್ಯೂಸ್‌ಸ್ಕೋರ್ ಎಂಬ ಸಾಫ್ಟ್‌ವೇರ್ ಉಚಿತ, ಅದರಲ್ಲೇ ಬರೆಯಿರಿ. ಟೆನರ್‌ಗೆ ಕೆಳಗೆ ಸಣ್ಣ ಎಂಟು ಇರುವ ಟ್ರೆಬಲ್ ಕ್ಲೆಫ್ (ಸಾಲಿನ ಶುರುವಿನ ಎತ್ತರದ ಗುರುತು) ಹಾಕಿ. ಏಳರ ಬಾರ್‌ನಲ್ಲಿ ಸ್ವರಗಳ ಬಾಲವನ್ನು ಮೂರು-ನಾಲ್ಕಾಗಿ ಕಟ್ಟಿ, ಇಲ್ಲದಿದ್ದರೆ ಅವರು ತಮ್ಮ ರೂಢಿಯ ಹಾಗೆ ಬೇರೆ ರೀತಿ ಒಡೆದು ಓದಿಬಿಡುತ್ತಾರೆ. ಬಾರ್ ಸಂಖ್ಯೆ, ವೇಗ, ಮೆಲ್ಲಗೆ-ಜೋರಿನ ಗುರುತು, ಉಸಿರಿನ ಗುರುತು, ಅಭ್ಯಾಸಕ್ಕೆ ಮಾತ್ರ ಎಂದು ಕೆಳಗೊಂದು ಪಿಯಾನೊ ಸಾಲು. ಪಿಡಿಎಫ್ ಮಾಡಿದ ಮೇಲೆ ಫೈಲಿನ ಪ್ರಾಪರ್ಟೀಸ್ ತೆರೆದು ನೋಡಿ, ಎಷ್ಟೋ ಸಲ ಬರೆದವರ ಹೆಸರು ಅಲ್ಲಿ ಉಳಿದುಬಿಟ್ಟಿರುತ್ತದೆ. ಪ್ರವೇಶ ಶುಲ್ಕ ಇದ್ದರೆ ಬ್ಯಾಂಕ್ ಆ್ಯಪ್‌ನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಬೇಕು. ಬಹುಮಾನದ ಷರತ್ತಿನಲ್ಲಿ ಮೊದಲ ಪ್ರದರ್ಶನದ ಹಕ್ಕು, ರೆಕಾರ್ಡಿಂಗ್ ಹಕ್ಕು ಕೇಳಿದರೆ ಕೊಡಿ. ಗೆಲ್ಲಲಿ ಬಿಡಲಿ ರಚನೆಯ ಕಾಪಿರೈಟ್ ಪೂರ್ತಿ ನಮ್ಮದು ಎಂದು ಬರೆದಿದ್ದರೆ ಆ ಸ್ಪರ್ಧೆಯೇ ಬೇಡ, ಬೇರೆ ಹುಡುಕಿ. ನ್ಯೂಯಾರ್ಕ್‌ನ ಯಂಗ್ ನ್ಯೂಯಾರ್ಕರ್ಸ್ ಕೋರಸ್ 35 ವರ್ಷದ ತನಕದವರಿಗೆ ಇಂಥದ್ದೇ ಸ್ಪರ್ಧೆ ನಡೆಸಿದೆ, ನಿಮಗೆ ಇನ್ನೂ ತುಂಬಾ ವರ್ಷ ಇದೆ. ಕೊನೆಯ ದಿನಾಂಕಕ್ಕೆ ಕಾಯಬೇಡಿ, ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಎರಡು ದಿನ ಮೊದಲೇ ಅಪ್‌ಲೋಡ್ ಮಾಡಿಬಿಡಿ.

ಸದ್ಯಕ್ಕೆ ಈ ವಾರ ಕವಿತೆ ಆರಿಸಿ, ಹಕ್ಕು ಯಾರದ್ದು ಎಂದು ವಿಚಾರಿಸಿ, ಮಾತ್ರೆ ಎಣಿಸಿ ಗುರುಗಳ ಕೆಳಗೆ ಗೆರೆ ಎಳೆಯಿರಿ. ಆಮೇಲೆ ಮೊದಲ ಹದಿನಾರು ಬಾರ್ ಬರೆದು, ಎಂಟು ಜನ ಹಾಡಿದ ಫೋನ್ ರೆಕಾರ್ಡಿಂಗ್ ಜೊತೆಗೆ ನನಗೆ ಕಳಿಸಿ. ಆಲ್ಟೊ ಸಾಲನ್ನು ಮೊದಲು ನೋಡುತ್ತೇನೆ.